ಬಿಳಿ ಬಟ್ಟೆ ಕಟ್ಟಿದ ಗೂಟ

ಭಾನುವಾರ ಸಂಜೆ 6.40. ಕಾಳಿ ನದಿಯಲ್ಲಿ ಪ್ರವಾಸಿ ದೋಣಿ ಮಗುಚಿ ಒಬ್ಬ ಮಹಿಳೆ ಸತ್ತಿದ್ದಾಳೆ ಎಂಬ ದೂರು ಕಾರವಾರದ ಠಾಣೆಗೆ ಬಂತು. ದೂರು ಕೊಟ್ಟವರು ಅಂಕೋಲಾದ ಜಾನಕಿ. ಸತ್ತವಳು ಅವರ ಮಗಳು ದೀಪಾ, ಶಾಲಾ ಶಿಕ್ಷಕಿ. ಜಾನಕಿಯ ಸೀರೆ ಇನ್ನೂ ಒದ್ದೆಯಿತ್ತು.

"ಯಾರ ಮೇಲೆ ದೂರು?" ಪಿಎಸ್‌ಐ ವಿಜೇತಾ ಕೇಳಿದರು.

"ದೋಣಿ ನಡೆಸಿದವನ ಮೇಲೆ. ಮೈಕಿನಲ್ಲಿ ಸದಾಶಿವಗಡದ ಕೋಟೆ ಕತೆ ಬರ್ತಾ ಇತ್ತು. ಧಡ್ ಅಂತು. ಮತ್ತೆ ಎಲ್ಲ ನೀರು." ಒದ್ದೆ ಸೆರಗು ಹಿಂಡುತ್ತ ಹೇಳಿದರು, "ನನ್ನ ಎತ್ತಿದವ ಜಟ್ಟಿ ಅಂತೆ. ದೇವಬಾಗದವ. ಅವನು ಬರದಿದ್ರೆ ನಾನೂ ಇರ್ತಿರಲಿಲ್ಲ. ಅವನ ಹೆಸರೂ ಬರ್ಕೊಳ್ಳಿ ಮೇಡಂ."

ದೋಣಿ ನಡೆಸಿದ ಉಮೇಶನ ವಿರುದ್ಧ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ದೀಪಾ ಜೀವರಕ್ಷಕ ಜಾಕೆಟ್ ತೊಟ್ಟಿದ್ದಳು. ಮಗುಚಿದ ದೋಣಿಯೊಳಗೆ ಸಿಕ್ಕವಳನ್ನು ಅದೇ ಜಾಕೆಟ್ ಮೇಲಕ್ಕೆ ಒತ್ತಿ ಹಿಡಿದಿತ್ತು. ಕೆಳಗೆ ಮುಳುಗಿ ಹೊರಬರಲು ಬಿಡಲಿಲ್ಲ.

"ಕುಡಿದಿದ್ಯಾ?" ಹೆಡ್ ಕಾನ್‌ಸ್ಟೆಬಲ್ ಬೀರು ಗೌಡ ಉಮೇಶನನ್ನು ಕೇಳಿದರು.

"ಇಲ್ಲ. ರಕ್ತ ತಕ್ಕೊಂಡ್ರಲ್ಲ, ನೋಡಿ."

"ಮತ್ತೆ ದೋಣಿಗೆ ತಾಗಿದ ಗೂಟ ಕಾಣಲಿಲ್ವಾ?"

"ಅಲ್ಲಿ ಗೂಟವೇ ಇರಲಿಲ್ಲ. ಬಿಳಿ ಬಟ್ಟೆ ದಾಟಿ ತಿರುಗಿಸಿದೆ. ದಿನಾ ಹಂಗೇ."

"ಗೂಟ ತಾನಾಗೇ ಹುಟ್ಟಿತು ಹಂಗಾದ್ರೆ. ಮಳೆಗಾಲದ ಅಣಬೆ," ಎಂದರು ಬೀರು.

ದೇವಬಾಗದ ಬದಿಯಲ್ಲಿ ಬಲೆ ಕಟ್ಟುವ ಗೂಟಗಳ ಸಾಲೊಂದು ನದಿಯೊಳಕ್ಕೆ ಚಾಚಿದೆ. ಸಾಲಿನ ಕೊನೆಯ ಗೂಟಕ್ಕೆ ಮೀನುಗಾರರು ಬಿಳಿ ಬಟ್ಟೆ ಕಟ್ಟುತ್ತಾರೆ. ಅಲ್ಲಿಗೆ ಗೂಟ ಮುಗಿಯಿತು, ಆಚೆ ದಾರಿ ಎಂದರ್ಥ. ನದಿಯಲ್ಲಿ ಓಡಾಡುವವರೆಲ್ಲ ಅದನ್ನು ನಂಬುತ್ತಾರೆ.

ಸೋಮವಾರ ಮಧ್ಯಾಹ್ನ ನೀರು ಪೂರ್ತಿ ಇಳಿದ ಮೇಲೆ ಪಂಚನಾಮೆ ನಡೆಯಿತು. ಬಟ್ಟೆ ಕಟ್ಟಿದ ಗೂಟದ ಆಚೆ ಇನ್ನೊಂದು ಗೂಟದ ಬುಡವಿತ್ತು. ಅದರ ಮೈತುಂಬ ಚಿಪ್ಪು ಬೆಳೆದಿತ್ತು. ತುದಿ ಮಾತ್ರ ಹೊಸದಾಗಿ ಕೊಯ್ದು ಬೆಳ್ಳಗಿತ್ತು. ನೀರು ಏರಿದಾಗ ಅದು ಕಾಣುವಂತಿರಲಿಲ್ಲ.

ಬೀರು ಬಗ್ಗಿ ಕೈಯಾಡಿಸಿದರು. "ಮುರಿದದ್ದಲ್ಲ ಮೇಡಂ. ಗರಗಸ."

"ಬಟ್ಟೆಯನ್ನೂ ಒಂದು ಗೂಟ ಈಚೆ ಕಟ್ಟಿದ್ದಾರೆ. ಯಾರ ಸಾಲು ಇದು?"

ಪಂಚರಿಬ್ಬರೂ ಮುಖ ಮುಖ ನೋಡಿಕೊಂಡರು. ಜಟ್ಟಿಯದು ಎಂದು ಒಬ್ಬ ಹೇಳಿದ. ಜನರನ್ನು ಕಾಪಾಡಿದವನೆಂದು ಬೆಳಗಿನ ಪತ್ರಿಕೆಯಲ್ಲಿ ಅವನ ಫೋಟೊ ಬಂದಿತ್ತು.

"ಬೇರೆ ಯಾರೋ ಕೊಯ್ದಿರಬೇಕು," ಎಂದರು ಬೀರು. "ಹನ್ನೊಂದು ಜನರನ್ನ ಎತ್ತಿದವ ಅಂವ."

ಮೂರೂವರೆಗೆ ಅವರು ದೇವಬಾಗದಲ್ಲಿದ್ದರು. ಜಟ್ಟಿ ಅಂಗಳದಲ್ಲಿ ಕುರ್ಚಿ ಹಾಕಿಸಿ ಚಾ ತರಿಸಿದ. ಐವತ್ತೈದರ ಗಟ್ಟಿ ಆಳು. ಅಂಗೈಯಲ್ಲಿ ನಿನ್ನೆಯ ಗಾಯಗಳಿದ್ದವು.

"ನಿನ್ನೆ ಐದು ಗಂಟೆಗೆ, ದೋಣಿ ಮಗುಚುವಾಗ, ಅಲ್ಲಿ ಎಂತ ಮಾಡ್ತಿದ್ರಿ?" ವಿಜೇತಾ ಕೇಳಿದರು.

"ಬಲೆ ಎತ್ತಲಿಕ್ಕೆ ಹೋಗಿದ್ದೆ."

ವಿಜೇತಾ ಹಾರವಾಡದ ಮೀನುಗಾರರ ಮನೆಯ ಮಗಳು. ಗೂಟದ ಬಲೆಯನ್ನು ಇಳಿಯುವ ನೀರಿಗೆ ಒಡ್ಡುತ್ತಾರೆ. ನೀರು ಏರುವ ಭರ್ತಿಯಲ್ಲಿ ಅದು ದಡದಲ್ಲಿ ಒಣಗುತ್ತಿರುತ್ತದೆ.

"ಭರ್ತಿಯಲ್ಲಿ ಎಂತ ಬಲೆ, ಜಟ್ಟಣ್ಣ?"

ಜಟ್ಟಿ ಅವರ ಮುಖ ನೋಡಿದ.

"ಕಾಯ್ತಾ ಇದ್ರಾ?"

"ಯಾರೂ ಸಾಯಬಾರದು ಅಂತ ಕಾಯ್ತಾ ಇದ್ದೆ. ದೋಣಿ ತಾಗಿ ನಿಲ್ತದೆ, ಇಳಿಸ್ಕೊಂಡು ಬರುವಾ ಅಂದ್ಕೊಂಡೆ. ಮಗುಚ್ತದೆ ಅಂತ ಗೊತ್ತಿರಲಿಲ್ಲ. ಆ ಶಾಲೆ ಅಕ್ಕೋರು ಒಳಗೇ ಉಳಿದದ್ದೂ ಗೊತ್ತಾಗಲಿಲ್ಲ."

ಬೀರು ಚಾ ಲೋಟವನ್ನು ನೆಲಕ್ಕಿಟ್ಟರು. ಕುಡಿದಿರಲಿಲ್ಲ.

ಗರಗಸ ಮತ್ತು ಕೊಯ್ದ ಗೂಟದ ತುಂಡು ಮನೆಯ ಹಿಂದೆ ಸಿಕ್ಕವು. 4.45ಕ್ಕೆ ಜಟ್ಟಿಯನ್ನು ಬಂಧಿಸಲಾಯಿತು. ಕೊಲೆಯಲ್ಲದ ನರಹತ್ಯೆಯ ಕಲಮನ್ನು ಪ್ರಕರಣಕ್ಕೆ ಸೇರಿಸಲಾಯಿತು.

ಜಾನಕಿಗೆ ವಿಷಯ ತಿಳಿಸಲು ವಿಜೇತಾ ಅಂಕೋಲಾಕ್ಕೆ ತಾವೇ ಹೋದರು.

"ನನ್ನ ಕೈ ಹಿಡಿದು ಎಳೆದನಲ್ಲ, ಅವನೇ?"

"ಹೌದಮ್ಮ."

"ನಾನು ಅವನ ಕಾಲು ಮುಟ್ಟಿದೆ," ಎಂದರು ಜಾನಕಿ. ಆಮೇಲೆ ಕೇಳಿದರು, "ಅವಳನ್ನ ಬಿಟ್ಟು ನನ್ನ ಎಂತಕ್ಕೆ ಎತ್ತಿದ?"



ಜಟ್ಟಿಯ ಹೇಳಿಕೆಯ ಸಾರ ಇಷ್ಟು. ಆ ಗೂಟಗಳನ್ನು ಅವನ ಅಪ್ಪ ನೆಟ್ಟಿದ್ದ. ಪ್ರವಾಸಿ ದೋಣಿಗಳು ಬಂದ ಮೇಲೆ ಆ ಸಾಲೇ ದಾರಿಗೆ ಅಡ್ಡ, ಕೀಳಿಸಬೇಕು ಎಂದು ದೋಣಿಯವರು ಅರ್ಜಿ ಕೊಟ್ಟಿದ್ದರು. ಒಮ್ಮೆ ತಾಗಿದರೆ ಹೆದರಿ ಆ ದಾರಿ ಬಿಡುತ್ತಾರೆ ಎಂದು ಅವನು ಎಣಿಸಿದ. ಭಾನುವಾರ ಮಧ್ಯಾಹ್ನದ ಇಳಿತದಲ್ಲಿ, ಎಲ್ಲರಿಗೂ ಕಾಣುವಂತೆಯೇ ನಿಂತು ಕೊಯ್ದ. ತನ್ನ ಗೂಟದ ಕೆಲಸ ತಾನು ಮಾಡುವವನನ್ನು ಯಾರೂ ಏನೂ ಕೇಳಲಿಲ್ಲ.

ಉಮೇಶನನ್ನು ಮಂಗಳವಾರ ಬಿಡಲಾಯಿತು. ಶುಕ್ರವಾರದಿಂದ ಪ್ರವಾಸಿ ದೋಣಿಗಳು ದೇವಬಾಗದ ಬದಿ ಬಿಟ್ಟು ನದಿಯ ಆಚೆ ದಾರಿಯಲ್ಲಿ ಹೋಗುತ್ತಿವೆ.