ಲೈಲ್‌ನ ತೋಳಮನುಷ್ಯ

ನನ್ನ ತಮ್ಮ ಲೈಲ್ ಚಿಕ್ಕಂದಿನಿಂದ ತೋಳಮನುಷ್ಯನ ಕಾಮಿಕ್ಸ್ ಕೂಡಿಡುತ್ತಿದ್ದ. ತೋಳಮನುಷ್ಯ ಮೊಟ್ಟಮೊದಲು ಕಾಣಿಸಿಕೊಂಡ ಸಂಚಿಕೆಯೊಂದು ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ಕ್ಯಾನ್ಸರ್ ಬಂದು ಅವನು ಮೂಳೆಚಕ್ಕಳವಾಗಿ ಹಾಸಿಗೆ ಹಿಡಿದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ಟೊಲಿಡೊ ಊರಾಚೆ, ತೀರಿಕೊಂಡ ಮುದುಕರೊಬ್ಬರ ಮನೆಸಾಮಾನಿನ ಮಾರಾಟದಲ್ಲಿ.

“ತಗೊಂಡೋಗಿ,” ಎಂದಳು ಮುದುಕರ ಮಗಳು. “ಅದಿರೋ ಕೋಣೇಲಿ ಒದ್ದೆ ನಾಯಿ ವಾಸನೆ. ನಾವು ನಾಯಿ ಸಾಕಿದೋರೇ ಅಲ್ಲ.”

ಅದೇ ಮಧ್ಯಾಹ್ನ ಅದನ್ನು ಮಹಡಿ ಕೋಣೆಯಲ್ಲಿ ಮಲಗಿದ್ದ ಲೈಲ್‌ನ ಕೈಗಿತ್ತೆ. ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗಿಟ್ಟು ಭದ್ರವಾಗಿ ಅಂಟಿಸಿದ್ದರು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ, ಯಾರೋ ಉಸಿರು ಬಿಟ್ಟ ಹಾಗೆ ಮಬ್ಬು ಕಟ್ಟಿತ್ತು. ಲೈಲ್ ನೋಡಿ ಮುಖ ತಿರುಗಿಸಿದ.

“ಬೇಡ ಅಕ್ಕ. ಇನ್ನು ಇದನ್ನ ಇಟ್ಕೊಂಡು ಏನ್ ಮಾಡ್ಲಿ?”

ಪುಸ್ತಕವನ್ನು ಕಾರಿನಲ್ಲಿಟ್ಟು ಬೀಗ ಹಾಕಿ ಮತ್ತೆ ಅವನ ಕೋಣೆಗೆ ಬಂದೆ. ಹೀಟರ್ ಉರಿಯುತ್ತಿದ್ದರೂ ಕೋಣೆಯಲ್ಲಿ ಚಳಿ ಕೊರೆಯುತ್ತಿತ್ತು. ಒದ್ದೆ ನಾಯಿಯ ವಾಸನೆ ಹಬ್ಬಿತ್ತು. ಅವನ ಕಾಲ ಬಳಿ, ಏನೋ ಭಾರವಾದದ್ದು ಮಲಗಿದ ಹಾಗೆ ಹೊದಿಕೆ ತಗ್ಗಾಗಿತ್ತು. ಮುಟ್ಟಿದೆ, ತೇವವಾಗಿ ಬೆಚ್ಚಗಿತ್ತು. ಗಾಬರಿಯಿಂದ ಹೊದಿಕೆ ಕೊಡವಲು ಹೋದೆ.

“ಓಡಿಸ್ಬೇಡ ಅಕ್ಕ,” ಎಂದ ಲೈಲ್, ಕಣ್ಣು ಬಿಡದೆ. “ಹೆಂಡ್ತಿ ಬಿಟ್ಟು ಹೋದ್ಲು, ಗೆಳೆಯರು ಬರೋದು ಬಿಟ್ರು. ಇದಾದ್ರೂ ಇರ್ಲಿ.”

“ಯಾವ್ದು ಲೈಲ್?”

ಅವನು ಪಾದವನ್ನು ಆ ತಗ್ಗಿನ ಕಡೆ ಸರಿಸಿದ. ನಾನು ಅವನ ಕೈ ಹಿಡಿದು ಕೂತೆ. ಸಂಜೆಯ ಹೊತ್ತಿಗೆ ಅವನ ಉಸಿರು ನಿಂತಿತು. ಕೋಣೆಯಲ್ಲಿ ಇನ್ನೊಂದು ಉಸಿರು ಮಾತ್ರ ಕೇಳಿಸುತ್ತಲೇ ಇತ್ತು.

ಶವ ಒಯ್ಯಲು ಇಬ್ಬರು ಗಟ್ಟಿಮುಟ್ಟಾದ ಆಳುಗಳು ಬಂದರು. ಸ್ಟ್ರೆಚರ್ ಎತ್ತಲಾಗದೆ ಒಬ್ಬ ಕೇಳಿದ, “ಇವರ ಜೊತೆ ಬೇರೇನಾದ್ರೂ ಇಟ್ಟಿದೀರೇನಮ್ಮ?”

ಹೊದಿಕೆ ಸರಿಸಿ ತೋರಿಸಿದೆ. ಲೈಲ್ ಒಬ್ಬನೇ ಮಲಗಿದ್ದ. ಕೊನೆಗೆ ಇನ್ನಿಬ್ಬರನ್ನು ಕರೆಸಿ, ನಾಲ್ವರು ಸೇರಿ, ಏದುಸಿರು ಬಿಡುತ್ತ ಅವನನ್ನು ಕೆಳಗಿಳಿಸಿದರು.