ಸೀಲು ಬಿದ್ದ ಸುಳ್ಳು

"ಈ ಸೀಲು ನಿಮ್ಮದೇನಾ?"

ಗ್ರಂಥಾಲಯದಲ್ಲಿ ಓದುತ್ತಿದ್ದ ತಲೆಗಳೆಲ್ಲ ಒಟ್ಟಿಗೇ ಮೇಲೆದ್ದವು. ಕಾಲೇಜು ಗೇಟಿನ ಎದುರಿಗಿರುವ ಔಷಧ ಅಂಗಡಿಯವನು ಗ್ರಂಥಪಾಲಕಿಯ ಮೇಜಿನ ಮುಂದೆ ನಿಂತಿದ್ದ. ದನಿ ಮೆತ್ತಗಿತ್ತು. ಮೊಬೈಲನ್ನು ಅವಳ ಕಣ್ಣೆದುರಿಗೆ ಹಿಡಿದ.

ಅವಳು ನೋಡಿದಳು. ಫೋಟೊದಲ್ಲಿ ಒಂದು ರಟ್ಟಿನ ಡಬ್ಬಿಯ ತುಂಬ ಮಾತ್ರೆಗಳು. ಅವಧಿ ಮುಗಿದು ಎಂಟು ತಿಂಗಳಾದ ತಾರೀಖು. ಕೆಳಗೆ ಅವನ ಅಂಗಡಿಯ ಹೆಸರು. ಮೂಲೆಯಲ್ಲಿ ಗ್ರಂಥಾಲಯದ ದುಂಡನೆಯ ನೀಲಿ ಸೀಲು. ಮೇಲೆ ಯಾರದೋ ಬರಹ: 'ಕಾಲೇಜಿನವರೇ ಖಚಿತಪಡಿಸಿದ್ದಾರೆ. ಈ ಅಂಗಡಿಗೆ ಹೋಗಬೇಡಿ. ಎಲ್ಲರಿಗೂ ಕಳಿಸಿ.'

ಸೀಲು ಅವಳದೇ. ಒತ್ತಿದ ಕೈಯೂ ಅವಳದೇ...

"ಡಾಕ್ಟರ ಚೀಟಿ ಇಲ್ಲದೆ ನಿಮ್ಮಮ್ಮನ ಮಾತ್ರೆ ಕೊಡಲಿಲ್ಲ ಅಂತ ಇಷ್ಟು ದೊಡ್ಡ ಸೇಡಾ, ಮೇಡಂ?"

ಉತ್ತರಕ್ಕೆ ಅವನು ಕಾಯಲಿಲ್ಲ. ಚಪ್ಪಲಿ ಸದ್ದು ಮೆಟ್ಟಿಲಿಳಿದು ಹೋಯಿತು.

ಅವಳಿಗೆ ಕಾಲೇಜಿನಲ್ಲಿ ಒಳ್ಳೆಯ ಹೆಸರಿತ್ತು. ಪ್ರತಿ ಸೋಮವಾರ ಊರಲ್ಲಿ ಹರಿದಾಡುವ ಒಂದು ಸುದ್ದಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ, ಕೆಳಗೆ ಒಂದು ಪ್ರಶ್ನೆ ಬರೆಯುತ್ತಿದ್ದಳು. ಯಾರು ಹೇಳಿದರು? ಯಾವಾಗ? ಚಿತ್ರದ ಅಂಚಿನಾಚೆ ಏನಿದೆ? ಮಕ್ಕಳು ವಾರವಿಡೀ ಅದರ ಬೇರು ಹುಡುಕಿ ಶನಿವಾರ ಬಂದು ವಾದ ಮಾಡಬೇಕು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ನೀವು ಕಂಡೂ ಇಲ್ಲ, ಮುಂದಕ್ಕೆ ತಳ್ತೀರಿ," ಎಂದು ಗದರುತ್ತಿದ್ದಳು.

ಸೀಲಿನ ಸಂಗತಿ ಬೇರೆ. ಸೀಲಿಲ್ಲದ ಕಾಗದವನ್ನು ಕಚೇರಿಯವರು ಫಲಕದಿಂದ ಕಿತ್ತು ಹಾಕುತ್ತಾರೆ. ಅಂಟಿಸಲು ಅಪ್ಪಣೆ ಇದೆ ಎನ್ನುವುದಷ್ಟೇ ಅದರ ಅರ್ಥ. ಆದರೆ ಗೇಟಿನಾಚೆಯವರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಯಾರೋ ಫಲಕದ ಮೇಲಿನ ಕಾಗದದಲ್ಲಿ ಕೆಳಗಿನ ಪ್ರಶ್ನೆ ಬಿಟ್ಟು, ಮೇಲಿನ ಅರ್ಧವನ್ನಷ್ಟೇ ಫೋಟೊ ತೆಗೆದಿದ್ದರು. ಪ್ರಶ್ನೆ ಹೋಗಿ ತೀರ್ಪಾಗಿತ್ತು.

ಆದರೆ ಅವಳ ಎದೆ ಕೊರೆದದ್ದು ಅದಲ್ಲ.

ಯಾವ ಸುದ್ದಿ ಹಾಕಿದರೂ ಅದರಲ್ಲಿನ ಹೆಸರನ್ನು ಕಾಗದ ಅಂಟಿಸಿ ಮುಚ್ಚುವುದು ಅವಳ ಪದ್ಧತಿ. ಮೊದಲು ತಾನೇ ಹೋಗಿ ವಿಚಾರಿಸುವುದೂ ಪದ್ಧತಿ. ಈ ಸಲ ಎರಡೂ ಮಾಡಿರಲಿಲ್ಲ. ರಸ್ತೆ ದಾಟಿದರೆ ನಲವತ್ತು ಹೆಜ್ಜೆ...

'ಯಾಕೆ ದಾಟಲಿಲ್ಲ ನಾನು?'

ಉತ್ತರ ಗೊತ್ತಿತ್ತು. ಅವನು ಕೆಟ್ಟವನಾಗಿದ್ದರೆ ಆಗ ಅವಳಿಗೆ ಹಿತವಾಗುತ್ತಿತ್ತು.

ಸಂಜೆ ಅಮ್ಮನ ಮುಂದೆ ಎಲ್ಲ ಒಪ್ಪಿಸಿದಳು. ಅಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದವರು ತಿರುಗಿಯೂ ನೋಡಲಿಲ್ಲ. ಆ ಹುಡುಗ ಚೀಟಿ ಕೇಳಿದ್ದು ತನ್ನ ಜೀವದ ಮೇಲಿನ ಕಾಳಜಿಗೆ, ಮಗಳಿಗೆ ಸಿಟ್ಟು ಬಂದದ್ದು ಪ್ರತಿಷ್ಠೆಯ ಮೇಲಿನ ಕಾಳಜಿಗೆ ಎಂದರು. ಆಮೇಲೆ ಮೆಲ್ಲಗೆ, "ದೇವರ ಹತ್ರ ಆಮೇಲೆ ಕ್ಷಮೆ ಕೇಳುವಿಯಂತೆ ಪುಟ್ಟಿ. ಮೊದಲು ಅಂಗಡಿಗೆ ಹೋಗು," ಎಂದರು.

ಮರುದಿನ ಹೋದಳು. ಅಂಗಡಿಯಲ್ಲಿ ಆ ಡಬ್ಬಿಯ ಫೋಟೊ ತೆಗೆದು ಅವಳಿಗೆ ತಂದುಕೊಟ್ಟಿದ್ದ ವಿದ್ಯಾರ್ಥಿನಿಯೂ ಜೊತೆಗಿದ್ದಳು. ಬಾಯಿ ತೆರೆದರೆ ನಿಲ್ಲದವಳೆಂದು ಕಾಲೇಜೆಲ್ಲ ಅವಳನ್ನು ಪಟಾಕಿ ಎನ್ನುತ್ತಿತ್ತು.

ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಅವನು ಕೆಳಗಿನ ಗೂಡಿನಿಂದ ಅದೇ ರಟ್ಟಿನ ಡಬ್ಬಿ ಎತ್ತಿ ಮುಂದಿಟ್ಟ. ಅದರ ಪಕ್ಕಕ್ಕೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿತ್ತು: 'ವಾಪಸು. ಮಾರಾಟಕ್ಕಲ್ಲ.'

ಅವಧಿ ಮುಗಿದ ಮಾತ್ರೆಗಳನ್ನು ಬೇರೆ ಎತ್ತಿಡಬೇಕು, ಕಂಪನಿಯವರು ಬಂದಾಗ ಒಪ್ಪಿಸಬೇಕು. ಅದು ಆ ಕಸುಬಿನ ನಿಯಮ. ನಿಯಮ ಪಾಲಿಸಿದ್ದೇ ಅವನ ಅಪರಾಧವಾಗಿತ್ತು.

ಪಟಾಕಿ ಡಬ್ಬಿಯನ್ನು ತಿರುಗಿಸಿ ಆ ಬರಹ ಓದಿದಳು. ತಾರೀಖು ಚೆನ್ನಾಗಿ ಕಾಣಲೆಂದು ಹತ್ತಿರ ಹಿಡಿದು ತೆಗೆದೆ, ಬರಹ ಹೊರಗೇ ಉಳಿಯಿತು ಎಂದು ಕೊನೆಗೆ ಕಣ್ಣೀರಿಟ್ಟಳು.

ಅವನು ಸುಸ್ತಾದ ದನಿಯಲ್ಲಿ ಹೇಳಿದ್ದಿಷ್ಟು: ಔಷಧ ಇಲಾಖೆಯ ತಪಾಸಣೆಯವರು ನಿನ್ನೆಯೇ ಬಂದು ನೋಡಿ, ಏನೂ ತಪ್ಪಿಲ್ಲವೆಂದು ಬರೆದುಕೊಟ್ಟು ಹೋದರು. ಆ ಕಾಗದವನ್ನು ಯಾರೂ ಯಾರಿಗೂ ಕಳಿಸುತ್ತಿಲ್ಲ. ಹೀಗೇ ಇನ್ನೊಂದು ತಿಂಗಳಾದರೆ ಬಾಗಿಲು ಹಾಕುವುದೇ.

ಪ್ರಾಂಶುಪಾಲರ ಬಳಿ ಹೋದರೆ, ಅವರು ಸುಮ್ಮನಿರಿ ಎಂದರು. ಕಾಲೇಜಿನ ಮರ್ಯಾದೆ, ತಾನಾಗಿ ತಣ್ಣಗಾಗುತ್ತದೆ, ತಪ್ಪೊಪ್ಪಿಕೊಂಡರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡಂತೆ ಎಂದೆಲ್ಲ ಬುದ್ಧಿ ಹೇಳಿದರು. ಅವಳ ನೌಕರಿ ಇನ್ನೂ ಕಾಯಂ ಆಗಿಲ್ಲ ಎನ್ನುವುದನ್ನೂ ನೆನಪಿಸಿದರು.

ಅವಳು ತಲೆಯಾಡಿಸಿ ಬಂದಳು. ಬಂದವಳೇ ಫಲಕದ ತುಂಬ ಬರೆದಳು.

'ಈ ಸುದ್ದಿ ಸುಳ್ಳು. ಅದನ್ನು ಇಲ್ಲಿ ಅಂಟಿಸಿದವಳು ನಾನು. ಆ ಅಂಗಡಿಯವರ ಮೇಲೆ ನನಗೆ ಸಿಟ್ಟಿತ್ತು, ಆದ್ದರಿಂದ ವಿಚಾರಿಸಲಿಲ್ಲ. ನಂಬಲು ಇಷ್ಟವಾದದ್ದನ್ನು ನಾವು ಯಾರೂ ಪರೀಕ್ಷಿಸುವುದಿಲ್ಲ. ಮಕ್ಕಳೇ, ಈ ವಾರದ ಪಾಠ ನಾನೇ.'

ಕೆಳಗೆ ಸಹಿ. ಪಕ್ಕದಲ್ಲಿ ಸೀಲು.

ಅಷ್ಟಕ್ಕೇ ನಿಲ್ಲಲಿಲ್ಲ. ದಿನಾ ಊಟದ ಬಿಡುವಿನಲ್ಲಿ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ದಾಟಿ ಹೋಗುವವರನ್ನು ಕರೆದು ಕರೆದು ಡಬ್ಬಿ ತೋರಿಸಿದಳು, ತಪಾಸಣೆಯ ಕಾಗದ ಓದಿದಳು. ಕೆಲವರು ಕೇಳಿದರು, ಕೆಲವರು ನಕ್ಕರು. ಬೆಂಕಿಯಿಲ್ಲದೆ ಹೊಗೆ ಬರುತ್ತಾ ಎಂದು ಒಬ್ಬ ಮುದುಕಪ್ಪ ಕುಟುಕಿದ. ಹೊಗೆ ಹಾಕಿದವಳೇ ನಾನು ತಾತ, ಬೆಂಕಿ ಎಲ್ಲಿತ್ತು ಅಂತ ನನ್ನನ್ನೇ ಕೇಳಿ ಎಂದಳು ಅವಳು. ಮುದುಕಪ್ಪ ಕೆಮ್ಮಿನ ಔಷಧ ಕೊಂಡು ಹೋದ.

ಮೊದಲ ದಿನ ಅವನು, ಇದೆಲ್ಲ ಬೇಡ, ಎದ್ದು ಹೋಗಿ ಎಂದ. ಎರಡನೆಯ ದಿನ ತನ್ನ ಪಾಡಿಗೆ ಮಾತ್ರೆ ಎಣಿಸಿದ. ಮೂರನೆಯ ದಿನ ಅವಳು ಬರುವಷ್ಟರಲ್ಲಿ ಸ್ಟೂಲು ನೆರಳಿಗೆ ಸರಿದಿತ್ತು... ಪಕ್ಕದಲ್ಲಿ ಒಂದು ಲೋಟ ನೀರು.

ನೆಲದೊಳಗೆ ಬೇರು ಇಳಿಯುವಾಗ ಸದ್ದಾಗುವುದಿಲ್ಲ. ಅವಳಿಗೂ ಗೊತ್ತಾಗಲಿಲ್ಲ. ಬಡ ಗಿರಾಕಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಸೂರ್ಯನ ಚಿತ್ರ, ಚಂದ್ರನ ಚಿತ್ರ ಬರೆದುಕೊಡುವ ಅವನ ಬೆರಳುಗಳನ್ನು ನೋಡುತ್ತ, ಬಿಡುವು ಮುಗಿದ ಗಂಟೆ ಬಾರಿಸಿದ್ದು ಅವಳಿಗೆ ಎರಡು ಸಲ ಕೇಳಿಸಲಿಲ್ಲ.

ಜನರಿಗೆ ಮಾತ್ರ ಎಲ್ಲ ಬೇಗ ಗೊತ್ತಾಗುತ್ತದೆ. ಅವರಿಬ್ಬರ ನಡುವೆ ಏನೋ ಇದೆಯಂತೆ, ಅದಕ್ಕೇ ಆಕೆ ಅವನ ತಪ್ಪಿಗೆ ಸುಣ್ಣ ಬಳಿಯುತ್ತಿದ್ದಾಳಂತೆ... ಅಂತೆ ಕಂತೆ ಸೇರಿ ಸಂತೆಯಾಯಿತು. ಬರತೊಡಗಿದ್ದ ಗಿರಾಕಿಗಳು ಮತ್ತೆ ಹಿಂದೆ ಸರಿದರು.

ಪ್ರಾಂಶುಪಾಲರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಒಂದು ಕಾಗದ ಸಿದ್ಧವಾಗಿತ್ತು. 'ನನಗೂ ಸದರಿ ಅಂಗಡಿಯವರಿಗೂ ಯಾವ ಸಂಬಂಧವೂ ಇಲ್ಲ, ಅವರ ಬಗ್ಗೆ ನನಗೆ ಯಾವ ಭಾವನೆಯೂ ಇಲ್ಲ.' ಸಹಿ ಹಾಕಿದರೆ ಫಲಕವೂ ಉಳಿಯುತ್ತದೆ, ನೌಕರಿಯೂ ಉಳಿಯುತ್ತದೆ ಎಂದರು.

ಅವಳು ಪೆನ್ನು ತೆಗೆದುಕೊಂಡಳು. ಮೊದಲ ಸಾಲು ಓದಿದಳು. ಎರಡನೆಯದನ್ನು ಓದಿದಳು.

'ಭಗವಂತಾ... ಇದು ನಿಜವಲ್ಲ.'

ಅದು ಅವಳಿಗೆ ಗೊತ್ತಾದದ್ದೇ ಆ ಕ್ಷಣದಲ್ಲಿ. ಪೆನ್ನು ಕೆಳಗಿಟ್ಟಳು.

"ಇದಕ್ಕೆ ಸಹಿ ಹಾಕಲಾರೆ, ಸರ್. ಇದು ಸುಳ್ಳು."

 ಪಕ್ಕದ ಕುರ್ಚಿಯಲ್ಲಿದ್ದ ಅವನು ತನ್ನತ್ತ ನೋಡಿದ್ದು ಗೊತ್ತಾಯಿತು. ಅವಳು ಅತ್ತ ತಿರುಗಲಿಲ್ಲ.

"ಡಬ್ಬಿಯ ಮೇಲಿನ ಬರಹ ನನ್ನ ಪ್ರೀತಿಯಿಂದ ಹುಟ್ಟಿದ್ದಲ್ಲ. ತಪಾಸಣೆಯವರೂ ನನ್ನ ನೆಂಟರಲ್ಲ. ನನ್ನ ಮನಸ್ಸು ಏನೇ ಇರಲಿ, ಆ ಸತ್ಯ ಅದರ ಪಾಡಿಗೆ ಅದಿದೆ. ಬೇಕಾದವರು ಹೋಗಿ ನೋಡಲಿ."

ಹಾಗಾದರೆ ಫಲಕ ತೆಗೆಸಬೇಕಾಗುತ್ತದೆ ಎಂದರು ಪ್ರಾಂಶುಪಾಲರು.

"ತೆಗೆಸಿ, ಸರ್. ಗೋಡೆ ನಿಮ್ಮದು. ಪ್ರಶ್ನೆ ಕೇಳೋದು ಕಲಿತ ಮಕ್ಕಳ ಬಾಯಿ ಯಾರದೂ ಅಲ್ಲ."

ನಮಸ್ಕರಿಸಿ ಹೊರಬಂದಳು. ಎದೆ ಹಗುರವಾಗಿತ್ತು. ಪಡಸಾಲೆಯ ಅರ್ಧಕ್ಕೆ ಬಂದಾಗ ಹಿಂದಿನಿಂದ ಅವನು ಬಂದು ಜೊತೆಗೂಡಿದ.

"ನೀವು ಎದ್ದು ಬಂದ ಮೇಲೆ ನನಗೂ ಒಂದು ಕಾಗದ ಇಟ್ರು," ಎಂದ.

"ಹಾಕಿದ್ರಾ?"

"ಸುಳ್ಳಿಗೆ ನಾನು ಯಾಕೆ ಸಹಿ ಹಾಕ್ಲಿ?"

ಅವಳ ಕಣ್ಣು ತುಂಬಿತು. ಕಂಬದ ಹಿಂದೆ ಪಿಸುಪಿಸು ಕೇಳಿ, ಅಷ್ಟರಲ್ಲೇ ನಗುವೂ ಬಂತು.

"ಅಲ್ಲಿ ನನ್ನ ಮಕ್ಕಳು ಕಿವಿಗೊಟ್ಟಿದ್ದಾರೆ. ಅರ್ಧ ಕೇಳಿಸ್ಕೊಂಡು ಹೋದರೆ ಕಷ್ಟ. ಪೂರ್ತಿ ಹೇಳಿಬಿಡಿ."

ಅವನು ಕಂಬದ ಕಡೆ ತಿರುಗಿದ. ಸಾಕ್ಷಿ ಹೇಳುವವನಂತೆ ನೇರ ನಿಂತ.

"ನಾನು ಇವರನ್ನ ಪ್ರೀತಿಸ್ತೀನಿ. ಹೇಳಿದವನು ನಾನೇ. ಈಗಲೇ. ಯಾರ ಬಲವಂತವೂ ಇಲ್ಲ."

"ಪೂರ್ತಿ ಕೇಳಿಸ್ತು, ಸರ್," ಎಂದಿತು ಪಟಾಕಿಯ ದನಿ. ಓಡುವ ಹೆಜ್ಜೆಗಳು ದೂರವಾದವು.

ಅವಳು ಮೆಲ್ಲಗೆ ಅವನ ಕೈ ಹಿಡಿದಳು. 

"ನಾಳೆ ಮಧ್ಯಾಹ್ನ ಬರ್ತೀರಾ?" ಅವನು ಕೇಳಿದ.

"ನೌಕರಿ ಇದ್ರೂ ಬರ್ತೀನಿ, ಹೋದ್ರೂ ಬರ್ತೀನಿ. ಜನ ಇನ್ನೂ ಆಡ್ಕೋತಾರೆ, ನೋಡಿ."

"ಆಡ್ಕೊಳ್ಳಲಿ," ಎಂದ ಅವನು. "ಈ ಸಲ ಅವರು ಆಡೋದು ನಿಜ."