ನಾಲ್ಕನೇ ಭಾಗದ ಕೂಸು

ಎರಡು ಸಾವಿರದ ಏಳನೇ ಇಸವಿಯ ಒಂದು ಭಾನುವಾರ ಮಧ್ಯಾಹ್ನ, ಪಟ್ಟಂದೂರು ಅಗ್ರಹಾರದಲ್ಲಿ ರಾಜೇಂದ್ರನ ದನದ ಕೊಟ್ಟಿಗೆಯೊಳಗೆ ಕಡಿಮೆಯೆಂದರೂ ಹತ್ತು ಸಾವಿರ ಜನ ಕುಳಿತಿದ್ದರು. ತಗಡಿನ ಮಾಡಿನ ಕೆಳಗೆ ಎಂಥ ಸೆಕೆಯೆಂದರೆ, ಒಬ್ಬನ ಬೆವರಿನಲ್ಲಿ ಇನ್ನೊಬ್ಬ ಈಜಿ ಬಂದು ಜಾಗ ಹಿಡಿಯಬೇಕಿತ್ತು. ದನ ಮಾರಿ ಎರಡು ವರ್ಷವಾಗಿತ್ತು. ಅವು ಮೇಯುತ್ತಿದ್ದ ಹೊಲದಲ್ಲಿ ಈಗ ಗಾಜಿನ ಕಟ್ಟಡ ನಿಂತಿತ್ತು. ಖಾಲಿ ಕೊಟ್ಟಿಗೆಗೆ ರಾಜೇಂದ್ರ ಒಂದು ಟಿವಿ, ಒಂದು ಡಿವಿಡಿ ಪ್ಲೇಯರ್ ತಂದಿಟ್ಟ. ಪಕ್ಕದಲ್ಲಿ ನಿಂತು ಕಥೆ ಹೇಳಲು ರೇವಣಸಿದ್ದನನ್ನು ಹಿಡಿದ.

ಕಥೆ ಹೇಳುವವನು ಬೇಕೇ ಬೇಕಿತ್ತು. ಚಿತ್ರ ಇಂಗ್ಲಿಷಿನದು; ನೋಡುವವರು ಯಾದಗಿರಿ, ರಾಯಚೂರು ಕಡೆಯ ಗಾರೆ ಕೆಲಸದವರು. ರೇವಣಸಿದ್ದನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಅದನ್ನು ಅವನು ಕೊರತೆ ಎಂದುಕೊಂಡಿರಲೂ ಇಲ್ಲ. ವಾರವೆಲ್ಲ ಗ್ರಾನೈಟ್ ನೆಲಕ್ಕೆ ಪಾಲಿಶ್ ಮೆಷಿನ್ ಹಿಡಿಯುವ ಆಸಾಮಿ ಭಾನುವಾರ ಬಾಯಿ ತೆರೆದರೆ ಸಪ್ತಸಮುದ್ರಗಳೂ ಕಿವಿಗೊಡುತ್ತಿದ್ದವು. ಚಿತ್ರವನ್ನು ಮೊದಲೇ ನೋಡಿಕೊಂಡು ಬರುವುದು ಅವನ ಮರ್ಯಾದೆಗೆ ಕಡಿಮೆ.

"ನೋಡಿ ಹೇಳೂದು ಯಾರರೆ ಹೇಳ್ತಾರ. ನೋಡದ ಹೇಳೂದು ವಿದ್ಯಾ," ಎನ್ನುತ್ತಿದ್ದ.

ಕಾಡುಗೋಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದದ್ದು ಕತ್ತಿ, ಮಾಂತ್ರಿಕ, ಬೆಂಕಿಯುಗುಳುವ ಘಟಸರ್ಪಗಳ ಚಿತ್ರಗಳು. ಅವುಗಳಲ್ಲೂ ಎರಡನೇ, ಮೂರನೇ, ನಾಲ್ಕನೇ ಭಾಗಗಳು ಮಾತ್ರ. ಒಂದನೇ ಭಾಗ ಮೂರು ಲೋಕ ಹುಡುಕಿದರೂ ಸಿಕ್ಕಿರಲಿಲ್ಲ. ಸೈನ್ಯವೆಂದರೆ ಏಳು ಜನ. ಒಂದೇ ಮರ ಸುತ್ತಿ ಸುತ್ತಿ ಏಳು ಸಾವಿರ ಆಗುತ್ತಿದ್ದರು. ಘಟಸರ್ಪ ಪ್ರತಿ ಸಲವೂ ಅದೇ ಮೋಡದಿಂದ ಇಳಿದು ಅದೇ ಗುಡಿಸಲನ್ನು ಸುಡುತ್ತಿತ್ತು. ಎರಡನೇ ಭಾಗದಲ್ಲಿ ಹೊಂಬಣ್ಣದ ಜಡೆಯಿದ್ದ ವೀರ ಮೂರನೆಯದರಲ್ಲಿ ಬೋಳು ತಲೆಯ ಬೇರೆಯೇ ಮನುಷ್ಯ.

"ಹರಕಿ ಹೊತ್ತಿದ್ದ, ಮುಡಿ ಕೊಟ್ಟು ಬಂದಾನ," ಎಂದ ರೇವಣಸಿದ್ದ. ಹತ್ತು ಸಾವಿರ ಜನ ಹೌದೆಂದು ತಲೆಯಾಡಿಸಿದರು.

ಆಗ ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಬಂತು. "ಈ ರಾಣಿ ಹೋದ ವಾರ ಸತ್ತಳಲ್ರೀ?"

"ಯಾವ ರಾಣಿ?"

"ಈಕೀನ. ಎದಿಗೆ ಬಾಣ ಬಿತ್ತು. ಹತ್ತೂರ ಮಂದಿ ಅತ್ರು ಅಂತ ನೀವ ಹೇಳಿದ್ರಿ."

"ಈಕಿ ಆಕಿ ತಂಗಿ."

"ಹುಬ್ಬಿನ ಬಾಜೂಕ ಅದ ಮಚ್ಚಿ ಅದಲ್ರೀ."

"ಅವಳಿ ಜವಳಿ."

"ಮತ್ತ ಗಂಡ ಇಬ್ರಿಗೂ ಒಬ್ಬನ?"

ಕೊಟ್ಟಿಗೆ ನಕ್ಕ ನಗೆಗೆ ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ರೈಲೊಂದು ಬೆಚ್ಚಿ ನಿಂತಿತಂತೆ. ರೇವಣಸಿದ್ದ ತಿರುಗಿ ನೋಡಿದ. ಎಷ್ಟು ತೊಳೆದರೂ ಸಿಮೆಂಟಿನ ಬೂದಿ ಬಿಡದ ಹುಬ್ಬುಗಳು. ಅವುಗಳ ಕೆಳಗೆ, ತುಟಿಗೆ ಸುದ್ದಿ ಕೊಡದೆ ತಾವೇ ನಗುತ್ತಿದ್ದ ಎರಡು ಕಣ್ಣು. ತೊಡೆಯ ಮೇಲೆ ಐದು ವರ್ಷದ ಹುಡುಗಿ ಮಲಗಿತ್ತು. ಅದರ ಕಾಲು ಪಕ್ಕದ ಮುದುಕಿಯ ಮಡಿಲಲ್ಲಿತ್ತು.

ಅವಳು ಸುಮಂಗಲಾ. ಹುಡುಗಿ ಅವಳ ಮಗಳು ದುರ್ಗವ್ವ. ಮುದುಕಿ ಅತ್ತೆ, ದೇವಕ್ಕ.

ಆಮೇಲೆ ನಾಲ್ಕು ಭಾನುವಾರ ಅವನು ಸುಳ್ಳು ಕಟ್ಟಿದ, ಅವಳು ಕೆಡವಿದಳು. ಕೋಟೆಯ ಗೋಡೆಗೆ ವೀರ ಒರಗಿದ ಕೂಡಲೇ ಹೇಳಿದಳು: "ಅಳ್ಳಾಡ್ತು ನೋಡ್ರಿ. ಅದು ಗ್ವಾಡಿ ಅಲ್ಲ, ಸೆಂಟ್ರಿಂಗ್ ಪ್ಲೈವುಡ್ಡು." ಘಟಸರ್ಪವನ್ನು ಕಟ್ಟಿದ್ದ ದಾರ ತೋರಿಸಿದಳು. ಅರಮನೆಯ ಹಿಂದೆ ಹಾದುಹೋದ ಲಾರಿಯನ್ನೂ ಬಿಡಲಿಲ್ಲ. ಸೋತಷ್ಟೂ ಅವನಿಗೆ ಹಸಿವು ಹೆಚ್ಚಾಯಿತು. ತಪ್ಪಿರುವ ಕಡೆ ಬೇಕೆಂದೇ ಎರಡು ಗಳಿಗೆ ಸುಮ್ಮನಿದ್ದು, ಅವಳ ದನಿಗೆ ಕಾಯತೊಡಗಿದ.

ಒಮ್ಮೆ ಚಿತ್ರ ಮುಗಿದ ಮೇಲೆ ನೀರಿನ ಟ್ಯಾಂಕಿನ ಬಳಿ ಸಿಕ್ಕಳು.

"ಇಷ್ಟು ತಪ್ಪು ಕಂಡ ಮ್ಯಾಲೂ ಯಾಕ ಬರ್ತೀರಿ?" ಎಂದು ಕೇಳಿದ.

"ನಿಮ್ಮ ಸುಳ್ಳು ಕೇಳ್ಲಿಕ್ಕ." ಕೊಡ ತುಂಬಿಸಿ ಸೊಂಟಕ್ಕಿಟ್ಟಳು. ಆಮೇಲೆ ನೀರನ್ನೇ ನೋಡುತ್ತ ಅಂದಳು: "ಸತ್ತಾಕಿ ಎದ್ದು ಬರ್ತಾಳ. ಮನ್ಯಾಗ ಊಟಕ್ಕ ಬಡಸ್ತಾರ. ಹೆಂಗ ಬಂದಿ ಅಂತ ಒಬ್ರೂ ಕೇಳಂಗಿಲ್ಲ. ಅದೊಂದು ಚೊಲೊ ಅನಸ್ತದ."

ರೇವಣಸಿದ್ದನಿಗೆ ಆ ಕ್ಷಣ ಅವಳೆದುರು ಆಕಾಶದಷ್ಟು ಎತ್ತರ ಕಾಣಬೇಕೆನಿಸಿತು. ಎದುರಿನ ಗಾಜಿನ ಕಟ್ಟಡ ತೋರಿಸಿದ.

"ಅದರ ಕೆಳಗಿನ ನೆಲ ನಂದ. ಎಂಥಾ ಪಾಲಿಶ್ ಅಂದ್ರ, ಚಂದ್ರ ತನ್ನ ಮಾರಿ ನೋಡ್ಕೊಳ್ಲಿಕ್ಕ ಇಳಿದು ಬರ್ತಾನ."

"ಬಾಗಿಲ ಮುಂದಿನದೂ?"

"ಅದೂ ನಾನ. ಒಂದು ಕಡೆ ಕಪ್ಪು ಕಲೆ ಇತ್ತು. ಹನ್ನೊಂದು ದಿನ ತಿಕ್ಕಿ ತಗದೆ."

ಸುಮಂಗಲಾ ಕೊಡವನ್ನು ಮೆಲ್ಲಗೆ ಕೆಳಗಿಟ್ಟಳು.

"ಏಳನೇ ಅಂತಸ್ತಿಂದ ಅವರು ಅಲ್ಲೇ ಬಿದ್ದದ್ದು. ಮಲಕಪ್ಪ. ದುರ್ಗಿ ಅಪ್ಪ. ಕಾಲ ಕೆಳಗಿನ ಹಲಿಗಿ ಜಾರಿತ್ತು."

ಸುಳ್ಳಿನ ಸಾಮ್ರಾಟ ತನ್ನ ಅಂಗೈ ನೋಡಿಕೊಂಡ. ಅವಳೂ ನೋಡಿದಳು. ಆಮೇಲೆ ಯಾಕೋ, ಆ ಅಂಗೈಯನ್ನು ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಕೊಡ ಎತ್ತಿಕೊಂಡು ಹೋದಳು.

ಮುಂದಿನ ವಾರ ಅವನು ನೇರವಾಗಿ ಕೇಳಿದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಕಳಿಸುವ ಉಡಕಿ ಇಬ್ಬರ ಕುಲದಲ್ಲೂ ಇತ್ತು. ಹಂದರವಿಲ್ಲ, ವಾಲಗವಿಲ್ಲ, ಮುತ್ತೈದೆಯರು ಎದುರು ಬರುವುದಿಲ್ಲ.

"ಅದೂ ಎರಡನೇ ಭಾಗದಂಗ," ಎಂದು ಸುಮಂಗಲಾ ನಕ್ಕಳು. "ಖರ್ಚು ಕಡಿಮಿ. ರಾಣಿ ಅದ ರಾಣಿ, ರಾಜ ಬ್ಯಾರೆ."

"ನಿಮ್ಮ ಒಂದನೇ ಭಾಗ ನಾ ನೋಡಿಲ್ಲ. ಆದ್ರ ಉಳಿದ ಭಾಗದಾಗ ಬಿಟ್ಟು ಹೋಗಂಗಿಲ್ಲ."

ಅವಳ ಕೆನ್ನೆಯಲ್ಲಿ ಆಗ ಎದ್ದ ಕೆಂಪಿನಿಂದ ಒಂದು ಊರಿಗೆ ಕುಂಕುಮ ಹಂಚಬಹುದಿತ್ತು. ಆದರೆ ಅದು ಉಳಿಯಲಿಲ್ಲ.

"ದುರ್ಗಿ?" ಎಂದಳು.

ಪದ್ಧತಿ ಅವನಿಗೂ ಗೊತ್ತಿತ್ತು. ಉಡಕಿಯಾದವಳು ಹೋಗುತ್ತಾಳೆ; ಕೂಸು ಸತ್ತವನ ಮನೆಯದು. ದೇವಕ್ಕ ಆ ಮಾತನ್ನು ಸಿಟ್ಟಿಲ್ಲದೆ ಹೇಳಿದ್ದಳಂತೆ: "ನೀ ಹೋಗವ್ವಾ, ನಾ ಬ್ಯಾಡ ಅನ್ನಂಗಿಲ್ಲ. ಮಲಕಪ್ಪನ ಗುರುತು ಇದೊಂದ ಅದ. ಇದನ್ನ ಊರಿಗೆ ಕರಕೊಂಡು ಹೋಗ್ತೀನಿ."

ರೇವಣಸಿದ್ದ ಎದೆ ತಟ್ಟಿಕೊಂಡ. "ನಾಳೆ ಭಾನುವಾರ ನಾಲ್ಕನೇ ಭಾಗ. ನಿಮ್ಮ ಅತ್ತಿನ್ನ ಮುಂದಿನ ಸಾಲಿನ್ಯಾಗ ಕೂಡ್ಸಿರಿ. ಹೊಸ ರಾಜ ರಾಣೀನೂ ಮೂರನೇ ಭಾಗದಾಗ ಬಂದ ಆಕಿ ಕೂಸನ್ನೂ ಹೆಂಗ ಕರಕೊಂಡು ಹೋಗ್ತಾನ ಅಂತ ಹೇಳ್ತೀನಿ. ಕಲ್ಲಾದ್ರೂ ಕರಗಬೇಕು."

"ಒಮ್ಮಿ ನೋಡಿ ಹೇಳ್ರಿ," ಎಂದಳು ಸುಮಂಗಲಾ.

"ನೋಡದ ಹೇಳೂದು ವಿದ್ಯಾ."

ಭಾನುವಾರ ಅವನು ಎಂದೂ ಹೇಳದ ಹಾಗೆ ಹೇಳಿದ. ಹೊಸ ರಾಜ ಬಂದ, ರಾಣಿಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ ನೋಡ್ರಿ, ಎಂದ. ತೆರೆಯ ಮೇಲೆ ಒಬ್ಬ ಮುದುಕಿ ಬಂದು ಮಗುವಿನ ಕೈ ಹಿಡಿದು ದೋಣಿಯಲ್ಲಿ ಕೂರಿಸಿದಳು. ದೋಣಿ ಹೋಯಿತು. ಮಗು ತಿರುಗಿ ನೋಡಿತು.

"ಹೊಸ ಅರಮನಿಗೆ ಮೊದಲ ಹೊಂಟದ," ಎಂದ ರೇವಣಸಿದ್ದ.

ಘಟಸರ್ಪ ಅದೇ ಮೋಡದಿಂದ ಇಳಿಯಿತು. ಏಳು ಜನ ಮರ ಸುತ್ತಿದರು. ಯುದ್ಧ ಮುಗಿಯಿತು. ರಾಣಿಗೂ ಹೊಸ ರಾಜನಿಗೂ ಮದುವೆ ನಡೆಯಿತು. ಮಗುವಿನ ಸುಳಿವಿಲ್ಲ.

"ಕೂಸು ಎಲ್ಲದ?" ಸುಮಂಗಲಾ ಕೇಳಿದಳು.

"ಒಳಗ ಮಲಗೇದ."

ರಾಣಿ ಅರಮನೆಯ ಒಳಗೆ ಬಂದಳು. ಖಾಲಿ ಕೋಣೆ.

"ಎಲ್ಲದ?"

"ಸಾಲಿಗೆ ಹೋಗೇದ."

ರಾಣಿ ಹೊಸ ರಾಜನ ಭುಜಕ್ಕೆ ಒರಗಿ ನಕ್ಕಳು. ಚಿತ್ರ ತೆಗೆದವರು ಮಗುವನ್ನು ಮರೆತೇಬಿಟ್ಟಿದ್ದರು. ಮಾಂತ್ರಿಕ, ಸೇನಾಪತಿ, ಕುದುರೆ ಕಾಯುವವನು, ಯಾರೂ ಕೇಳಲಿಲ್ಲ. ಬಿಳಿ ಅಕ್ಷರಗಳು ಏರತೊಡಗಿದವು.

ದೇವಕ್ಕ ದುರ್ಗವ್ವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅದರ ಹಣೆಯ ಮೇಲೆ ಕೈ ಊರಿದಳು. ಸುಮಂಗಲಾ ಆ ಕೈ ನೋಡಿದಳು, ತೆರೆ ನೋಡಿದಳು.

"ಹೆಂಗ ನಗ್ಲಿಕತ್ತಾಳ ನೋಡ್ರಿ," ಎಂದಳು ಮೆಲ್ಲಗೆ. "ಒಬ್ರೂ ಕೇಳವಲ್ರು."

ಅಷ್ಟೇ. ಕೂಸನ್ನು ಬಿಟ್ಟು ಅವಳು ಬರುವುದಿಲ್ಲ; ರೇವಣಸಿದ್ದನಿಗೆ ಉತ್ತರ ಸಿಕ್ಕಿತು.

ಎಂಟು ದಿನಕ್ಕೆ ಅವಳ ಗುಂಪಿನ ಕೆಲಸ ಎಲೆಕ್ಟ್ರಾನಿಕ್ ಸಿಟಿ ಕಡೆ ಬಿತ್ತು. ಟೆಂಪೋದಲ್ಲಿ ತಗಡು, ಪಾತ್ರೆ, ಅತ್ತೆ, ಮಗಳು ಹತ್ತಿ ಆಗಿತ್ತು. ಅವಳು ಒಂದು ಕಾಲು ಮೇಲಿಟ್ಟು ನಿಂತಳು.

"ಸಿದ್ದಾ," ಎಂದಳು. ಹಾಗೆ ಕರೆದದ್ದು ಅದೊಂದೇ ಸಲ. "ನಿನ್ನ ಮ್ಯಾಲ ಮನಸಿಲ್ಲಂತಲ್ಲ. ಹಂಗಂದ್ರ ಸುಳ್ಳಾಗ್ತದ."

"ಗೊತ್ತದ."

"ಆ ಚಿತ್ರ ಮೊದಲ ನೋಡಿದ್ರ ಬ್ಯಾರೆ ಏನರೆ ಹೇಳ್ತಿದ್ದೇನು?"

"ಇಲ್ಲ. ಅದನ್ನ ಹಾಕ್ತಿರಲಿಲ್ಲ."

ಅವಳ ಕಣ್ಣುಗಳು ಮೊದಲ ದಿನದ ಹಾಗೆ, ತುಟಿಗೆ ಹೇಳದೆ, ಒಮ್ಮೆ ನಕ್ಕವು. ಟೆಂಪೋ ಹೋಯಿತು. ದುರ್ಗವ್ವ ತಿರುಗಿ ನೋಡಿ ಕೈ ಬೀಸಿದಳು. ಅವಳ ಹಿಂದೆ ತಾಯಿ ಕುಳಿತಿದ್ದಳು.

ಮಳೆಗಾಲದ ಒಂದು ಭಾನುವಾರ ರಾಜೇಂದ್ರ ಮತ್ತೆ ನಾಲ್ಕನೇ ಭಾಗ ಹಾಕಿದ. "ಬೇರೆ ಸಿಗ್ಲಿಲ್ಲ ಗುರು, ಅಡ್ಜಸ್ಟ್ ಮಾಡ್ಕೊ," ಎಂದ. ಕೊಟ್ಟಿಗೆಯಲ್ಲಿ ಹನ್ನೊಂದು ಜನ ಇದ್ದರು. ಎಣಿಸಿ ಹನ್ನೊಂದು.

ಮದುವೆಯ ದೃಶ್ಯ ಬಂದಾಗ ರೇವಣಸಿದ್ದ ಟಿವಿಯ ದನಿ ತಗ್ಗಿಸಿದ.

"ರಾಣಿ ಹಾರ ತಗದಿಟ್ಟಳು," ಎಂದ. "ದೋಣಿ ಹಿಡದು ಕೂಸಿನ ಹಿಂದ ಹೋದಳು."

ಮುಂದೆ ಕುಳಿತಿದ್ದ ನಿಂಗಪ್ಪ ತೆರೆಗೆ ಬೆರಳು ತೋರಿಸಿದ. "ಏ, ಅಲ್ಲೇ ನಿಂತು ನಗ್ಲಿಕತ್ತಾಳಲ್ಲೋ."

"ಅದು ಹಳೇದನ್ನ ಜೋಡಿಸ್ಯಾರ," ಎಂದ ರೇವಣಸಿದ್ದ. "ಖರೇ ರಾಣಿ ಹೋಗ್ಯಾಳ."